ಹಳೆಯ ಕಾರು ಮತ್ತು ದೂರದ ಪೇಟೆ

ಕೊಳ್ಳುವವನಿಗೆ ಬುದ್ಧಿ ಹೇಳುವವರು ಲೋಕದಲ್ಲಿ ಬಹಳ ಮಂದಿ. ಬದನೆಕಾಯಿ ಕೊಳ್ಳುವಾಗ ತೊಟ್ಟು ನೋಡು, ಎಮ್ಮೆ ಕೊಳ್ಳುವಾಗ ಕೆಚ್ಚಲು ನೋಡು, ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡು—ಹೀಗೆ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದುಬಂದ ಎಚ್ಚರಿಕೆಯ ಮಾತುಗಳಿಗೆ ಲೆಕ್ಕವಿಲ್ಲ. ಮಾರುವವನಿಗೆ ಬುದ್ಧಿ ಹೇಳಿದವರು ಮಾತ್ರ ವಿರಳ. ಅವನಿಗೆ ಅದರ ಅಗತ್ಯವಿಲ್ಲವೆಂದು ಹಿರಿಯರು ಭಾವಿಸಿದ್ದರೋ ಏನೋ. ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳವರ ಮಟ್ಟಿಗೆ ಅದು ನಿಜವಿರಬಹುದು. ಆದರೆ ನಮ್ಮ ನಿಮ್ಮಂಥ ಸಂಬಳಗಾರರು, ಜೀವಮಾನದಲ್ಲಿ ಎರಡೋ ಮೂರೋ ಸಲ ಮಾತ್ರ ಮಾರಾಟಗಾರನ ವೇಷ ಹಾಕುವವರು, ಆ ದಿನ ಎಷ್ಟು ತಬ್ಬಿಬ್ಬಾಗುತ್ತೇವೆಂಬುದನ್ನು ಅನುಭವಿಸಿದವರೇ ಬಲ್ಲರು.

ಹಳೆಯ ಕಾರನ್ನು ಮಾರುವುದು ಅಂಥ ಸಂದರ್ಭಗಳಲ್ಲೊಂದು. ಆಗ ಎಲ್ಲರಿಗೂ ಮೊದಲು ಹೊಳೆಯುವ ಪ್ರಶ್ನೆ ‘ಎಷ್ಟಕ್ಕೆ?’ ಎಂಬುದು. ಸ್ವಲ್ಪ ವಿಚಾರ ಮಾಡಿದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಲ್ಲಿ?’ ಎಂಬುದೆಂದು ತಿಳಿಯುತ್ತದೆ. ಏಕೆಂದರೆ ಎಲ್ಲಿ ಎಂಬುದು ಗೊತ್ತಾದರೆ ಎಷ್ಟಕ್ಕೆ ಎಂಬುದೂ ಹೆಚ್ಚುಕಡಮೆ ಗೊತ್ತಾದಂತೆಯೇ. ಮೇಲ್ನೋಟಕ್ಕೆ ಇದು ಬರಿಯ ಲೌಕಿಕದ ಮಾತು. ಇದರಲ್ಲಿ ಧರ್ಮಾಧರ್ಮಗಳ ಜಿಜ್ಞಾಸೆಗೆ ಏನಿದೆ ಎಂದು ವಾಚಕರು ಕೇಳಬಹುದು. ಇದೆ ಎಂದೇ ನನ್ನ ನಂಬಿಕೆ. ಪೇಟೆಯನ್ನು ಆರಿಸುವವನು ಬೆಲೆಯನ್ನು ಮಾತ್ರ ಆರಿಸುವುದಿಲ್ಲ. ತಾನು ಎಷ್ಟು ನಿಜ ಹೇಳಬೇಕಾದೀತು ಎಂಬುದನ್ನೂ ಆಗಲೇ ಆರಿಸಿಬಿಟ್ಟಿರುತ್ತಾನೆ.

ಮಾತು ಗಾಳಿಯಲ್ಲಿ ಹೋಗದಿರಲೆಂದು ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳೋಣ. ಅವರ ವಾಸ ದೇವರ ಹಿಪ್ಪರಗಿಯಲ್ಲಿ. ವಿಜಯಪುರದಿಂದ ಸಿಂದಗಿಯ ಕಡೆಗೆ ಹೋಗುವ ದಾರಿಯ ಮೇಲಿನ ಈ ಊರು ಮೊದಲು ಸಿಂದಗಿ ತಾಲ್ಲೂಕಿಗೆ ಸೇರಿತ್ತು. ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವರ ಹುಟ್ಟೂರೆಂದು ಪರಂಪರೆ ಹೇಳುವುದು ಇದನ್ನೇ. ರಾವುತರಾಯನ ಜಾತ್ರೆಗೂ ಇದು ಹೆಸರಾದ ಊರು. ರಾವುತನೆಂದರೆ ಕುದುರೆಯ ಸವಾರ. ವಾಹನದ ವಿಷಯ ಮಾತಾಡಲು ತಕ್ಕ ಸ್ಥಳವೇ ಸರಿ.

ನಮ್ಮ ಗೃಹಸ್ಥರಲ್ಲಿ ಹದಿನಾಲ್ಕು ವರ್ಷದ ಒಂದು ಮಾರುತಿ ಕಾರಿದೆ. ನಮ್ಮ ದೇಶದ ಕಾಯ್ದೆಯ ಪ್ರಕಾರ ಸ್ವಂತ ಉಪಯೋಗದ ಕಾರಿನ ನೋಂದಣಿ ಹದಿನೈದು ವರ್ಷದ್ದು. ಅನಂತರ ತಪಾಸಣೆಗೆ ಒಯ್ದು, ಹಣ ಕಟ್ಟಿ, ಐದು ವರ್ಷಕ್ಕೆ ಮುಂದುವರಿಸಿಕೊಳ್ಳಬೇಕು. ಆ ಗಡುವು ಬರುವುದರೊಳಗೆ ಮಾರಿಬಿಡುವುದು ಲೇಸೆಂದು ಅವರ ಎಣಿಕೆ. ಕಾರಿಗೆ ಎರಡು ದೋಷಗಳಿವೆ. ಒಂದು, ಅದು ಎಣ್ಣೆ ಕುಡಿಯುತ್ತದೆ. ತಿಂಗಳಿಗೊಮ್ಮೆ ಎಂಜಿನ್ನಿಗೆ ಎಣ್ಣೆ ಸುರಿಯಬೇಕು. ಇನ್ನೊಂದು, ಬ್ರೇಕು ಒಮ್ಮೊಮ್ಮೆ ಕಾಲ ಕೆಳಗೆ ಸುಮ್ಮನೆ ಕುಸಿಯುತ್ತದೆ. ಮತ್ತೊಮ್ಮೆ ತುಳಿದರೆ ಹಿಡಿಯುತ್ತದೆ. ಗ್ಯಾರೇಜಿನ ಮಿಸ್ತ್ರಿ ಎರಡು ಸಲ ಸರಿಮಾಡಿದ. ಮೂರನೆಯ ಸಲ ಮತ್ತೆ ಕುಸಿಯಿತು. ಯಜಮಾನರ ಕಾಲು ಈ ಎರಡನೆಯ ತುಳಿತಕ್ಕೆ ಒಗ್ಗಿಹೋಗಿದೆ. ಹೊಸಬನ ಕಾಲಿಗೆ ಅದು ತಿಳಿಯದು. ಬೆಳಗಿನ ತಂಪಿನಲ್ಲಿ ಹತ್ತು ಮೈಲಿ ಓಡಿಸಿ ನೋಡುವವನ ಮುಂದೆ ಈ ಎರಡು ದೋಷಗಳಲ್ಲಿ ಒಂದೂ ತಲೆಹಾಕುವುದಿಲ್ಲ.

ಅವರ ಮುಂದೆ ನಾಲ್ಕು ದಾರಿಗಳಿವೆ. ಪಕ್ಕದ ಓಣಿಯ ತರುಣ ಉಪಾಧ್ಯಾಯನೊಬ್ಬ ಆಗಲೇ ಒಮ್ಮೆ ಕೇಳಿದ್ದಾನೆ, ಅವನಿಗೆ ಕೊಡಬಹುದು. ವಿಜಯಪುರದ ಹಳೆಯ ಕಾರಿನ ದಲ್ಲಾಳಿಯ ಅಂಗಡಿಗೆ ಒಯ್ಯಬಹುದು. ಚಿತ್ರ ತೆಗೆದು ಮೊಬೈಲಿನ ಪೇಟೆಗೆ ಏರಿಸಿ, ಹುಬ್ಬಳ್ಳಿಯವನೋ ಕಲಬುರಗಿಯವನೋ, ಭೀಮೆಯಾಚೆಯ ಸೊಲ್ಲಾಪುರದವನೋ ಬರಲೆಂದು ಕಾಯಬಹುದು. ಕಡೆಯದು, ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬಹುದು. ಸಂಜೆ ಚಹದಂಗಡಿಯ ಮುಂದೆ ಈ ಮಾತೆತ್ತಿದರೆ ಹಿತೈಷಿಗಳೆಲ್ಲ ಒಂದೇ ಮಾತು ಹೇಳುತ್ತಾರೆ:

“ಊರಾಗ ಮಾತ್ರ ಕೊಡಬ್ಯಾಡ್ರಿ ಸರ್. ನಾಳೆ ಎದುರಿಗೆ ಸಿಕ್ಕಾಗೊಮ್ಮೆ ಅದನ್ನ ತಗೀತಾನ. ದೂರದವರಿಗೆ ಕೊಟ್ಟು ಕೈ ತೊಳಕೊಳ್ರಿ.”

“ಅವ್ರು ಗಾಡಿ ಹ್ಯಾಂಗೈತಿ ಅಂತ ಕೇಳಿದ್ರ?”

“ನೋಡ್ಕೊಂಡು ತಗೊಳ್ರಿ ಅನ್ನೂದು. ಮುಗೀತಲ್ರಿ!”

ಇದು ಕೆಟ್ಟವರ ಮಾತಲ್ಲ. ಈ ಮಾತಾಡಿದವರು ಕಷ್ಟಕಾಲಕ್ಕೆ ನೆರೆಯವರ ಬಾಗಿಲಿಗೆ ಓಡಿಹೋಗುವ ಜನ. ಆದರೂ ಇದನ್ನು ಬಿಡಿಸಿ ನೋಡಬೇಕು. ಊರಿನವನಿಗೆ ಏಕೆ ಕೊಡಬಾರದು? ಕಾರು ಚೆನ್ನಾಗಿದ್ದರೆ ಅವನು ಎದುರಿಗೆ ಸಿಕ್ಕಾಗ ಹೊಗಳಬೇಕಷ್ಟೆ. ಅವನು ತೆಗಳುತ್ತಾನೆಂಬ ಭಯವೇ ಕಾರಿನ ದೋಷ ನಮಗೆ ಗೊತ್ತಿದೆಯೆಂಬುದಕ್ಕೆ ಸಾಕ್ಷಿ. ‘ಊರಿಗೆ ಬಂದವಳು ನೀರಿಗೆ ಬಾರಳೆ?’ ಎಂಬ ಗಾದೆ ಇದೆ. ಊರಲ್ಲಿ ಮಾರಿದರೆ ಬಾವಿಕಟ್ಟೆಯಲ್ಲಿ ಮುಖ ನೋಡಲೇಬೇಕು. ದೂರದ ಪೇಟೆ ನಮಗೆ ಕೊಡುವುದು ಹೆಚ್ಚಿನ ಬೆಲೆಯನ್ನಲ್ಲ, ಮತ್ತೆ ಮುಖ ನೋಡಬೇಕಾಗಿಲ್ಲವೆಂಬ ಅನುಕೂಲವನ್ನು. ಆ ಅನುಕೂಲಕ್ಕೆ ಒಂದು ಬೆಲೆಯಿದೆ; ಅದನ್ನು ತೆರುವವನು ಕೊಳ್ಳುವವನು, ಅದೂ ತನಗೆ ತಿಳಿಯದೆ.

ಇಲ್ಲಿ ಕಾಯ್ದೆ ಏನೆನ್ನುತ್ತದೆಂದು ನೋಡುವುದು ಸ್ವಾರಸ್ಯವಾದ ವಿಷಯ. ನಮ್ಮ ದೇಶದಲ್ಲಿ ಇಂದಿಗೂ ನಡೆಯುತ್ತಿರುವ 1872ರ ಕರಾರು ಕಾಯ್ದೆಯ ಹದಿನೇಳನೆಯ ಕಲಮು ವಂಚನೆಯೆಂದರೇನೆಂಬುದನ್ನು ವಿವರಿಸುತ್ತದೆ. ಸುಮ್ಮನಿರುವುದು ಸಾಮಾನ್ಯವಾಗಿ ವಂಚನೆಯಲ್ಲವೆಂದು ಅಲ್ಲಿ ಹೇಳಿ, ಅರ್ಥವಾಗಲೆಂದು ಒಂದು ಕುದುರೆಯ ಉದಾಹರಣೆಯನ್ನು ಕೊಟ್ಟಿದ್ದಾರೆ. ಒಬ್ಬನು ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದಕ್ಕೆ ರೋಗವಿದೆಯೆಂದು ಅವನಿಗೆ ಗೊತ್ತು. ಆದರೆ ಕೊಳ್ಳುವವನಿಗೆ ಏನೂ ಹೇಳುವುದಿಲ್ಲ. ಇದು ವಂಚನೆಯಲ್ಲ. ಕೊಳ್ಳುವವಳು ಅವನ ಮಗಳೇ ಆಗಿದ್ದು, ಈಗತಾನೆ ಪ್ರಾಪ್ತವಯಸ್ಕಳಾಗಿದ್ದರೆ? ಆಗ ಹೇಳುವುದು ಅವನ ಕರ್ತವ್ಯ; ಅವರಿಬ್ಬರ ಸಂಬಂಧವೇ ಅಂಥದು. ಮೂರನೆಯ ಸಂದರ್ಭವೊಂದಿದೆ: ‘ನೀನು ಇಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆಯೆಂದು ತಿಳಿಯುತ್ತೇನೆ’ ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ.

ಕುದುರೆ ಹೋಗಿ ಕಾರು ಬಂದಿದೆ; ಕಲಮು ಹಾಗೆಯೇ ಇದೆ. ಕುದುರೆ ಎರಡು ಕಡೆಯೂ ಅದೇ, ರೋಗವೂ ಅದೇ. ಬದಲಾದುದು ಕೊಳ್ಳುವವರು ಯಾರೆಂಬುದೊಂದೇ. ಕಾಯ್ದೆ ಮನೆಯ ಹೊಸ್ತಿಲಿನಲ್ಲಿ ಒಂದು ಗೆರೆ ಎಳೆದಿದೆ: ಒಳಗಿರುವವರಿಗೆ ನಿಜ, ಹೊರಗಿನವರಿಗೆ ಮೌನ. ಕಾಯ್ದೆಯನ್ನು ದೂರಿ ಫಲವಿಲ್ಲ. ಲೋಕದ ಸಮಸ್ತ ವ್ಯಾಪಾರಗಳಲ್ಲಿ ಯಾರು ಯಾರಿಗೆ ಏನೇನು ಹೇಳಲಿಲ್ಲವೆಂದು ತೀರ್ಪು ಕೊಡುತ್ತ ಕೂತರೆ ನ್ಯಾಯಾಲಯಗಳ ಗತಿಯೇನು? ಅದು ಎಳೆದ ಗೆರೆ ದಂಡನೆಯ ಗೆರೆ. ನಮ್ಮ ಅಂತಃಕರಣವೂ ಅಲ್ಲಿಯೇ ನಿಲ್ಲಬೇಕೆಂದು ಅದು ಹೇಳಿಲ್ಲ. ಹರಾಜಿನಲ್ಲಿ ಕುದುರೆ ಕೊಂಡವನೂ ಯಾರಿಗೋ ಮಗನೇ ಆಗಿದ್ದಾನಲ್ಲವೆ?

ಈ ವಾದ ಹಳೆಯದು. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳನ್ನು ಕುರಿತು ಒಂದು ಗ್ರಂಥವನ್ನು ಬರೆದು, ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನಿಗೆ ಕಳಿಸಿದ. ಅದರಲ್ಲಿ ಒಬ್ಬ ಧಾನ್ಯದ ವರ್ತಕನ ಪ್ರಸಂಗ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ; ಧಾನ್ಯಕ್ಕೆ ಬಂಗಾರದ ಬೆಲೆ. ವರ್ತಕ ಅಲೆಕ್ಸಾಂಡ್ರಿಯದಿಂದ ಹಡಗು ತುಂಬ ಧಾನ್ಯ ತಂದಿದ್ದಾನೆ. ತನ್ನ ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿರುವುದನ್ನು ದಾರಿಯಲ್ಲಿ ಕಣ್ಣಾರೆ ಕಂಡಿದ್ದಾನೆ. ಇದನ್ನು ಜನರಿಗೆ ಹೇಳಿ ಸಾಧಾರಣ ಬೆಲೆಗೆ ಮಾರಬೇಕೆ, ಹೇಳದೆ ಹೆಚ್ಚಿನ ಬೆಲೆ ಪಡೆಯಬೇಕೆ? ಬ್ಯಾಬಿಲೋನಿನ ಡಯೋಜಿನಿಸ್ ಎಂಬ ತತ್ತ್ವಜ್ಞ, ಕಾಯ್ದೆ ಕೇಳಿದ ದೋಷವನ್ನು ಹೇಳಿದರೆ ಸಾಕು, ಸುಳ್ಳು ಹೇಳದಿದ್ದರೆ ಆಯಿತು, ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದ. ಅವನ ಶಿಷ್ಯ ಆಂಟಿಪೇಟರ್ ಒಪ್ಪಲಿಲ್ಲ. ಮಾರುವವನಿಗೆ ಗೊತ್ತಿದ್ದುದೆಲ್ಲ ಕೊಳ್ಳುವವನಿಗೂ ಗೊತ್ತಿರಬೇಕೆಂದು ಅವನ ಪಕ್ಷ. ಸಿಸೆರೊ ಶಿಷ್ಯನ ಕಡೆಗೇ ವಾಲಿದ. ನಮ್ಮ ಚಹದಂಗಡಿಯ ಹಿತೈಷಿಗಳು ಡಯೋಜಿನಿಸನ ಹೆಸರನ್ನು ಕೇಳಿದವರಲ್ಲ. ಆದರೆ ಅವನ ಮತದವರೆಂಬುದರಲ್ಲಿ ಸಂದೇಹವಿಲ್ಲ.

ನಮ್ಮವರು ಇದನ್ನು ವಿಚಾರ ಮಾಡಿರಲಿಲ್ಲವೆಂದೇನೂ ಅಲ್ಲ. 1909ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳು ಅಚ್ಚು ಹಾಕಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮಾರಿದ್ದನ್ನೂ ಕೊಂಡದ್ದನ್ನೂ ಹಿಂದಿರುಗಿಸುವ ವಿಷಯಕ್ಕೆ ಒಂದು ಪ್ರಕರಣವೇ ಮೀಸಲು. ರೋಗದ ಪಶುವನ್ನು ಆರೋಗ್ಯದ ಪಶುವೆಂದು ಹೇಳಿ ಮಾರಿದವನಿಗೆ ಹನ್ನೆರಡು ಪಣ ದಂಡ; ನಾಲ್ಕು ಕಾಲಿನ ಪ್ರಾಣಿಯನ್ನು ಮೂರು ಪಕ್ಷದೊಳಗೆ ಹಿಂದಕ್ಕೆ ಕೊಡಬಹುದು. ಮೂರು ಪಕ್ಷವೆಂದರೆ ಒಂದೂವರೆ ತಿಂಗಳು. ಅಷ್ಟರೊಳಗೆ ಎತ್ತೂ ತನ್ನ ನಿಜಸ್ವರೂಪ ತೋರಿಸುತ್ತದೆ, ಕಾರೂ ತೋರಿಸುತ್ತದೆ. ಸುಂಕದ ಕಟ್ಟೆಯಲ್ಲಿ ಧ್ವಜದ ಬುಡದಲ್ಲಿ ನಿಂತು ಸರಕು ಇಷ್ಟು, ಬೆಲೆ ಇಷ್ಟು, ಕೊಳ್ಳುವವರು ಯಾರು ಎಂದು ಮೂರು ಸಲ ಕೂಗಿ ಹೇಳಿ ಮಾರಬೇಕೆಂದೂ ಅಲ್ಲಿ ವಿಧಿಯಿದೆ. ಮಾರುವ ಸ್ಥಳ ಹತ್ತು ಜನರ ಕಣ್ಣೆದುರು ಇರಬೇಕೆಂಬುದೇ ಅದರ ಅಭಿಪ್ರಾಯ.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಸಂಕ್ರಾಂತಿಯ ಸುಮಾರಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ದನಗಳ ಪೇಟೆ ನೆರೆಯುತ್ತದೆ. ಅಲ್ಲಿ ಎತ್ತು ಕೊಳ್ಳುವ ರೀತಿಯನ್ನು ಹಳಬರಿಂದ ಕೇಳಿ ತಿಳಿಯಬೇಕು. ಎತ್ತು ಬಯಲಿನಲ್ಲಿ ನಿಂತಿದೆ. ಯಾರು ಬೇಕಾದರೂ ಬಾಯಿ ಬಿಡಿಸಿ ಹಲ್ಲು ನೋಡಬಹುದು, ಮೈಮೇಲಿನ ಸುಳಿ ನೋಡಬಹುದು, ಹತ್ತು ಹೆಜ್ಜೆ ನಡೆಸಿ ಗೊರಸು ಊರುವುದನ್ನು ನೋಡಬಹುದು. ಬೆಲೆಯ ಮಾತು ಬಂದಾಗ ದಲ್ಲಾಳಿ ಹೆಗಲ ಮೇಲಿನ ವಸ್ತ್ರವನ್ನು ಕೈಗಳ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ವ್ಯವಹಾರ ಕುದುರಿಸುತ್ತಾನೆ. ಸುತ್ತ ನಿಂತವರಿಗೆ ಬೆಲೆ ತಿಳಿಯದು. ಆ ಪೇಟೆಯಲ್ಲಿ ವಸ್ತ್ರದ ಮರೆ ಬೆಲೆಗೆ ಮಾತ್ರ, ಎತ್ತಿಗಲ್ಲ. ಇಂದಿನ ಕಾರಿನ ಪೇಟೆ ಇದಕ್ಕೆ ತೀರ ತಿರುಗುಮುರುಗು. ಬೆಲೆಯನ್ನು ಲೋಕವೆಲ್ಲ ನೋಡುವಂತೆ ಮೊಬೈಲಿನಲ್ಲಿ ತೂಗುಹಾಕುತ್ತೇವೆ. ವಸ್ತ್ರ ಹೊದಿಸುವುದು ಕಾರಿನ ಮೇಲೆ. ಕೆರೆದುಹೋದ ಬದಿಯನ್ನು ಬಿಟ್ಟು ಒಳ್ಳೆಯ ಬದಿಯ ಚಿತ್ರ ತೆಗೆಯುತ್ತೇವೆ. ಎಂಜಿನ್ನಿನ ಎಣ್ಣೆಮಣ್ಣನ್ನು ತೊಳೆಸಿ ಹೊಳೆಯುವಂತೆ ಮಾಡುತ್ತೇವೆ. ಓಡಿದ ದೂರವನ್ನು ತೋರಿಸುವ ಮೀಟರನ್ನೇ ಹಿಂದಕ್ಕೆ ತಿರುಗಿಸುವ ಪುಣ್ಯಾತ್ಮರೂ ಇದ್ದಾರೆ.

ದನದ ಜಾತ್ರೆಯಲ್ಲಿ ಎಲ್ಲರೂ ಸತ್ಯಹರಿಶ್ಚಂದ್ರರೆಂದು ನಾನು ಹೇಳುತ್ತಿಲ್ಲ. ಕೊಂಬಿಗೆ ಬಣ್ಣ ಬಳಿದು ಮುದಿ ಎತ್ತನ್ನು ಹೋರಿಯೆಂದು ತೋರಿಸಬಲ್ಲ ಜಾಣರು ಅಲ್ಲೂ ಇರುತ್ತಾರೆ. ಆದರೆ ಅಲ್ಲಿ ಕೊಳ್ಳುವವನೂ ಒಕ್ಕಲಿಗನೇ. ಮಾರುವವನಿಗೆ ಎತ್ತಿನ ವಿಷಯ ಎಷ್ಟು ಗೊತ್ತೋ ಅವನಿಗೂ ಅಷ್ಟೇ ಗೊತ್ತು. ‘ನೋಡ್ಕೊಂಡು ತಗೊಳ್ರಿ’ ಎಂಬ ಮಾತಿಗೆ ಅಲ್ಲಿ ಒಂದು ನ್ಯಾಯವಿದೆ, ಏಕೆಂದರೆ ಅವನಿಗೆ ನೋಡಲು ಬರುತ್ತದೆ. ಕಾರಿನ ಬಾಯಿ ಬಿಡಿಸಿ ಹಲ್ಲು ನೋಡುವ ವಿದ್ಯೆ ಪಕ್ಕದ ಓಣಿಯ ಉಪಾಧ್ಯಾಯನಿಗೆ ಎಲ್ಲಿಂದ ಬರಬೇಕು? ಕಣ್ಣಿಲ್ಲದವನಿಗೆ ನೋಡಿಕೊಂಡು ತಗೋ ಎನ್ನುವುದು ಉಪದೇಶವಲ್ಲ, ಪರಿಹಾಸ್ಯ.

ಇಷ್ಟು ಕೇಳಿ ವ್ಯವಹಾರಸ್ಥರು ನಗಬಹುದು. “ಇರಲಿ ಸ್ವಾಮಿ, ಎಲ್ಲವನ್ನೂ ಹೇಳಿದರೆ ನಷ್ಟ ಯಾರಿಗೆ? ಲೋಕವೆಲ್ಲ ಸುಳ್ಳು ಹೇಳುತ್ತಿರುವಾಗ ನಾನೊಬ್ಬ ನಿಜ ಹೇಳಿ ಕೆಡಲೆ?” ಎಂದು ಕೇಳಬಹುದು. ಇದು ತಳ್ಳಿಹಾಕುವ ಮಾತಲ್ಲ. ಇದನ್ನೇ ವಿಷಯ ಮಾಡಿಕೊಂಡು ಜಾರ್ಜ್ ಅಕರ್‌ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಲೇಖನ ಪ್ರಕಟಿಸಿದ. ಅದಕ್ಕೆ ಮೊದಲು ಮೂರು ವಿದ್ವತ್ಪತ್ರಿಕೆಗಳು ಅದನ್ನು ಹಿಂದಿರುಗಿಸಿದ್ದುವು. 2001ರಲ್ಲಿ ಆತನಿಗೆ ಮತ್ತಿಬ್ಬರ ಜೊತೆಗೆ ನೊಬೆಲ್ ಸ್ಮಾರಕ ಪಾರಿತೋಷಕ ಬಂತು. ಲೇಖನದ ವಿಷಯ ಹಳೆಯ ಕಾರಿನ ಪೇಟೆ. ಆ ದೇಶದಲ್ಲಿ ಕೆಟ್ಟ ಕಾರಿಗೆ ನಿಂಬೆಹಣ್ಣೆಂದು ಅಡ್ಡಹೆಸರು. ಹೊಸ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಶುಭವೆಂದು ಹೊರಡುವ ನಮಗೆ, ಅದರಲ್ಲೂ ಲಿಂಬೆಯ ತೋಟಗಳಿಗೆ ಹೆಸರಾದ ಇಂಡಿಯ ಸೀಮೆಯವರಿಗೆ, ಈ ಹೆಸರು ಸ್ವಲ್ಪ ಅನ್ಯಾಯವೆಂದೇ ತೋರೀತು.

ಆತನ ತರ್ಕ ಸರಳವಾದದ್ದು. ಕಾರಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಎಲ್ಲ ಕಾರುಗಳನ್ನೂ ಸಂಶಯದಿಂದಲೇ ನೋಡಿ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಣ ಬೆಲೆ ಹೇಳುತ್ತಾನೆ. ಆ ಬೆಲೆ ಕೆಟ್ಟ ಕಾರಿನವನಿಗೆ ಲಾಭ, ಒಳ್ಳೆಯ ಕಾರಿನವನಿಗೆ ನಷ್ಟ. ಒಳ್ಳೆಯ ಕಾರಿನವನು ಮಾರದೆ ಹಿಂದೆ ಸರಿಯುತ್ತಾನೆ. ಪೇಟೆಯಲ್ಲಿ ಕೆಟ್ಟವೇ ಹೆಚ್ಚುತ್ತವೆ. ಬೆಲೆ ಇನ್ನೂ ಇಳಿಯುತ್ತದೆ. ಇನ್ನಷ್ಟು ಮಂದಿ ಒಳ್ಳೆಯವರು ಹಿಂದೆ ಸರಿಯುತ್ತಾರೆ. ಹೀಗೆ ಒಬ್ಬೊಬ್ಬರ ಸಣ್ಣ ಸಣ್ಣ ಮೌನಗಳು ಕೂಡಿ ಪೇಟೆಯನ್ನೇ ಕೆಡಿಸಬಲ್ಲವು. ಅಂಥ ಪೇಟೆಯಲ್ಲಿ ನಿಜ ಹೇಳಿದವನಿಗೆ ಎರಡು ಪೆಟ್ಟು. ಎಣ್ಣೆ ಕುಡಿಯುತ್ತದೆಂದು ಅವನು ಹೇಳಿದರೆ, ಇಷ್ಟು ಒಪ್ಪಿಕೊಂಡವನು ಇನ್ನೆಷ್ಟು ಮುಚ್ಚಿಟ್ಟಿರಬೇಕೆಂದು ಕೊಳ್ಳುವವನು ಮತ್ತಷ್ಟು ಇಳಿಸುತ್ತಾನೆ.

ವ್ಯವಹಾರಸ್ಥರ ಆಕ್ಷೇಪಣೆ ಹಾಗಾದರೆ ಗೆದ್ದಿತೆ? ಇಲ್ಲವೆಂದೇ ನನಗೆ ತೋರುತ್ತದೆ. ನಿಜಕ್ಕೆ ಎಲ್ಲ ಪೇಟೆಯಲ್ಲೂ ನಷ್ಟವೆಂದು ಈ ತರ್ಕ ಹೇಳುವುದಿಲ್ಲ. ಗುರುತಿಲ್ಲದವರ ಪೇಟೆಯಲ್ಲಿ ನಷ್ಟವೆಂದಷ್ಟೆ ಹೇಳುತ್ತದೆ. ಮಾತನ್ನು ನಂಬುವವರು ಇದ್ದಲ್ಲಿ ನಿಜಕ್ಕೆ ಬೆಲೆಯಿದೆ. ನಂಬುವವರು ಇರುವುದು ನಮ್ಮ ಪರಿಚಯ ಇರುವಲ್ಲಿ. ನಮ್ಮ ಗೃಹಸ್ಥರು ಸೊಲ್ಲಾಪುರದವನಿಗೆ ಏನು ಹೇಳಿದರೂ ಅವನು ಅರ್ಧ ನಂಬುತ್ತಾನೆ. ಪಕ್ಕದ ಓಣಿಯ ಉಪಾಧ್ಯಾಯನಿಗೆ “ಎಂಜಿನ್ನು ಎಣ್ಣಿ ಕುಡೀತೈತಿ, ಗೇರು ಚಲೋ ಅದಾವ” ಎಂದರೆ ಎರಡನ್ನೂ ನಂಬುತ್ತಾನೆ. ದೋಷವನ್ನು ಹೇಳಿದ ಬಾಯಿಯೇ ಗುಣವನ್ನೂ ಹೇಳಿದ್ದರಿಂದ ಗುಣಕ್ಕೆ ಸಲ್ಲಬೇಕಾದ ಬೆಲೆ ಸಲ್ಲುತ್ತದೆ. ಆದುದರಿಂದ ಹಿತೈಷಿಗಳ ಉಪದೇಶ ತಲೆಕೆಳಗಾದುದು: ದೋಷವನ್ನು ಮುಚ್ಚಿಡಬೇಕೆಂದು ಇರುವವನಿಗೆ ದೂರದ ಪೇಟೆ ಒಳ್ಳೆಯದು, ಹೇಳಬೇಕೆಂದು ಇರುವವನಿಗೆ ಹತ್ತಿರದ ಪೇಟೆ ಒಳ್ಳೆಯದು.

ಹತ್ತಿರದ ಪೇಟೆಗೂ ತನ್ನದೇ ಆದ ತೊಡಕುಗಳಿವೆಯೆಂಬುದನ್ನು ಮರೆಯಬಾರದು. ನೆಂಟರಿಗೆ ಮಾರಿದರೆ ದಾಕ್ಷಿಣ್ಯ ನಡುವೆ ಬರುತ್ತದೆ. ಕಡಮೆ ಬೆಲೆ ಹೇಳಲು ಅವರಿಗೆ ಸಂಕೋಚ, ಹೆಚ್ಚು ಹೇಳಲು ನಮಗೆ ಸಂಕೋಚ; ಬಾಕಿ ಉಳಿದ ಹಣವನ್ನು ಕೇಳಲಂತೂ ಬಾಯೇ ಬಾರದು. ಕೈಕೆಳಗಿನವರಿಗೆ ಮಾರುವುದು ಇನ್ನೂ ಸೂಕ್ಷ್ಮ: ಬೇಡವೆನ್ನಲು ಅವರಿಗೆ ಧೈರ್ಯ ಸಾಲದು, ನಾವು ಔದಾರ್ಯವೆಂದು ಭಾವಿಸಿದ್ದು ಅವರಿಗೆ ಹೊರೆಯಾಗಬಹುದು. ಆದುದರಿಂದ ಹತ್ತಿರವೆಂದರೆ ನಮಗೆ ಕಟ್ಟುಬಿದ್ದವರು ಎಂದಲ್ಲ. ನಮ್ಮ ಮಾತಿನ ಬೆಲೆ ಬಲ್ಲವರು, ಆದರೂ ‘ಬ್ಯಾಡ್ರಿ’ ಎನ್ನಬಲ್ಲವರು. ಅಂಥವರೇ ತಕ್ಕ ಗಿರಾಕಿ.

ದಲ್ಲಾಳಿಯ ಅಂಗಡಿಯ ಮಾತು ಬೇರೆ. ಅವನು ಕಾರಿನ ಹಲ್ಲೆಣಿಸಬಲ್ಲವನು. ಅವನಿಗೆ ಎಲ್ಲವನ್ನೂ ಹೇಳಿದರೂ ಹೇಳದಿದ್ದರೂ ಅಷ್ಟಾಗಿ ವ್ಯತ್ಯಾಸವಿಲ್ಲ. ಅವನು ಕಂಡುಹಿಡಿದು ಬೆಲೆ ಇಳಿಸುತ್ತಾನೆ. ಹೀಗೆ ಬಲ್ಲವನಿಗೆ ಮಾರುವುದರಲ್ಲಿ ಮೋಸವಿಲ್ಲವೆಂಬುದು ಒಪ್ಪತಕ್ಕ ಮಾತು. ಆದರೆ ನಾವು ಅವನಿಗೆ ಹೇಳಿದ ನಿಜ ಅವನ ಅಂಗಡಿಯನ್ನು ದಾಟಿ ಮುಂದಿನವನನ್ನು ಮುಟ್ಟುವುದೆ? ಎಣ್ಣೆಯ ವಿಷಯ ಮುಟ್ಟದಿದ್ದರೆ ಹೋಗಲಿ. ಬ್ರೇಕಿನ ವಿಷಯ ಮುಟ್ಟದಿದ್ದರೆ?

ಇಲ್ಲಿ ದೋಷ ದೋಷಗಳಲ್ಲಿ ಭೇದ ಮಾಡಬೇಕಾಗುತ್ತದೆ. ಎಣ್ಣೆ ಕುಡಿಯುವ ಎಂಜಿನ್ನು ಕೊಂಡವನ ಜೇಬನ್ನು ಸುಡುತ್ತದೆ. ಈ ಬಗೆಯ ದೋಷದಲ್ಲಿ ಚೌಕಾಶಿಗೆ ಎಡೆಯಿದೆ. ಬಲ್ಲ ಗಿರಾಕಿ ಮಿಸ್ತ್ರಿಯನ್ನು ಕರೆತಂದು ಹುಡುಕಿಕೊಳ್ಳಲಿ ಎಂದು ಸುಮ್ಮನಿದ್ದವನನ್ನು ಜಿಪುಣನೆನ್ನಬಹುದು, ಪಾಪಿಯೆನ್ನಲಾರೆವು. ಕುಸಿಯುವ ಬ್ರೇಕು ಹಾಗಲ್ಲ. ಅದು ಕೊಂಡವನನ್ನು ಮಾತ್ರವಲ್ಲ, ಅವನ ಹಿಂದಿನ ಆಸನದಲ್ಲಿ ಕುಳಿತ ಮಕ್ಕಳನ್ನೂ, ಹೆದ್ದಾರಿಯ ಅಂಚಿನಲ್ಲಿ ಜಾತ್ರೆಗೆ ನಡೆದುಹೋಗುವ ಜನರನ್ನೂ ಬಲಿ ತೆಗೆದುಕೊಳ್ಳಬಲ್ಲುದು. ಅವರಾರೂ ಈ ವ್ಯಾಪಾರದಲ್ಲಿ ಪಾಲುಗೊಂಡವರಲ್ಲ. ‘ನೋಡ್ಕೊಂಡು ತಗೊಳ್ರಿ’ ಎಂಬ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹಣದ ದೋಷಕ್ಕೆ ಪೇಟೆಯಿಂದ ಪೇಟೆಗೆ ಬೇರೆ ಬೇರೆ ನೀತಿ ಇರಬಹುದು. ಪ್ರಾಣದ ದೋಷಕ್ಕೆ ಎಲ್ಲ ಪೇಟೆಯಲ್ಲೂ ಒಂದೇ ನೀತಿ: ಸರಿಮಾಡಿಸಿ ಮಾರಬೇಕು, ಆಗದಿದ್ದರೆ ಓಡುವ ಕಾರೆಂದು ಮಾರಬಾರದು. ಮಿಸ್ತ್ರಿ ಕೈಚೆಲ್ಲಿದನೆಂದರೆ ಗುಜರಿಯವನ ತಕ್ಕಡಿಯೇ ಧರ್ಮದ ತಕ್ಕಡಿ.

ಕುರುಕ್ಷೇತ್ರದಲ್ಲಿ ಧರ್ಮರಾಯನು ಅಶ್ವತ್ಥಾಮ ಸತ್ತನೆಂಬುದನ್ನು ಗಟ್ಟಿಯಾಗಿಯೂ, ಸತ್ತದ್ದು ಆನೆಯೆಂಬುದನ್ನು ಮೆಲ್ಲಗೂ ನುಡಿದ ಕತೆ ಎಲ್ಲರಿಗೂ ಗೊತ್ತು. ಅಲ್ಲಿಯವರೆಗೆ ನೆಲಕ್ಕೆ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಕ್ಷಣ ಇಳಿದು ನೆಲಕ್ಕೆ ತಾಗಿತೆನ್ನುತ್ತಾರೆ. ಅಕ್ಷರಶಃ ಅವನು ಸುಳ್ಳಾಡಿರಲಿಲ್ಲ. ‘ಗಾಡಿ ಚಲೋ ಐತ್ರಿ’ ಎಂಬುದನ್ನು ಗಟ್ಟಿಯಾಗಿಯೂ ‘ಬ್ರೇಕು ಒಂದೀಟು ನೋಡ್ಕೋಬೇಕು’ ಎಂಬುದನ್ನು ಗಂಟಲಲ್ಲಿಯೂ ಹೇಳುವವರು ಈ ಕತೆಯನ್ನು ನೆನೆಯುವುದು ಒಳ್ಳೆಯದು.

ದೂರದವನಿಗೆ ಕೊಟ್ಟರೆ ಸಂಬಂಧ ಅಲ್ಲಿಗೆ ಕಡಿಯಿತೆಂಬ ನಂಬಿಕೆಯೂ ನಿಜವಲ್ಲ. ಕಾರು ಮಾರಿದವನು ರಾಜ್ಯದೊಳಗಾದರೆ ಹದಿನಾಲ್ಕು ದಿನಗಳಲ್ಲಿ, ಹೊರರಾಜ್ಯಕ್ಕಾದರೆ ನಿರಾಕ್ಷೇಪಣಾ ಪತ್ರದೊಂದಿಗೆ ನಲವತ್ತೈದು ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯಲ್ಲಿದೆ. ಇದನ್ನು ಮಾಡದೆ ಇಪ್ಪತ್ತೊಂಬತ್ತು, ಮೂವತ್ತನೆಯ ನಮೂನೆಗಳ ಮೇಲೆ ಖಾಲಿ ಸಹಿ ಹಾಕಿ ಕೊಟ್ಟು ಕೈ ತೊಳೆದುಕೊಳ್ಳುವವರಿದ್ದಾರೆ. 2007ರಲ್ಲಿ ಒಬ್ಬರು ಮಾರಿದ ಕಾರು ಕೈಯಿಂದ ಕೈಗೆ ದಾಟುತ್ತ ಹೋಗಿ 2009ರಲ್ಲಿ ಅಪಘಾತಕ್ಕೆ ಕಾರಣವಾಯಿತು. ದಾಖಲೆಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಹೆಸರಿದ್ದವರದೇ ಎಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಕೈ ತೊಳೆದರೂ ಹೆಸರು ತೊಳೆಯಲಿಲ್ಲ. ಕಾಯ್ದೆಗೆ ಗೊತ್ತಿರುವ ಈ ಸಂಗತಿ ಅಂತಃಕರಣಕ್ಕೆ ಮೊದಲೇ ಗೊತ್ತು: ವಸ್ತು ಕೈಬಿಟ್ಟ ಮಾತ್ರಕ್ಕೆ, ಅದರ ವಿಷಯದಲ್ಲಿ ನಮಗಿದ್ದ ತಿಳಿವು ಕೈಬಿಡುವುದಿಲ್ಲ. ಮಳೆಗಾಲದ ರಾತ್ರಿ ಯಾವುದೋ ಊರಿನಲ್ಲಿ ಯಾರದೋ ಕಾಲು ಆ ಬ್ರೇಕಿನ ಮೇಲಿರುವುದು ನಮಗೆ ನೆನಪಾಗದೆ ಇರಬೇಕಾದರೆ, ಮೊದಲೇ ಹೇಳಿಬಿಟ್ಟಿರಬೇಕು.

ಎಲ್ಲ ಬಿಟ್ಟು ಹತ್ತಿರದವರಿಗೇ ಮಾರಬೇಕೆಂಬ ವಿಧಿಯೇನೂ ಇಲ್ಲ. ಪಟ್ಟಣದಲ್ಲಿರುವವರಿಗೆ ಎದುರು ಮನೆಯವರ ಗುರುತೂ ಇರುವುದಿಲ್ಲ. ಊರಲ್ಲೂ ಗಿರಾಕಿ ಸಿಗದೆ ಹೋಗಬಹುದು. ದೂರದ ಪೇಟೆ ಅನಿವಾರ್ಯವಾದಾಗ 1872ರ ಆ ಕುದುರೆಯನ್ನು ನೆನೆದು, ಕೊಳ್ಳಬಂದವರು ನಮ್ಮ ಮಗಳಾಗಿದ್ದರೆ ಏನೇನು ಹೇಳುತ್ತಿದ್ದೆವೋ ಅದನ್ನು ಒಂದು ಹಾಳೆಯ ಮೇಲೆ ಬರೆದು ಬೆಲೆ ಕುದುರುವ ಮೊದಲೇ ಕೈಗಿಡುವುದು ಒಂದು ಉಪಾಯ. ಅಪರಿಚಿತನನ್ನು ಪರಿಚಿತನನ್ನಾಗಿ ಮಾಡಿಕೊಳ್ಳಲು ಅದಕ್ಕಿಂತ ಹತ್ತಿರದ ದಾರಿಯಿಲ್ಲ. ಹಾಳೆಯನ್ನು ಓದಿ ಅವನು ಎದ್ದುಹೋಗಬಹುದು. ಹೋದರೆ, ಅವನಿಗೆ ಬೇಡವಾದ ಕಾರನ್ನು ಅವನ ತಲೆಗೆ ಕಟ್ಟಲಿಲ್ಲವೆಂದಾಯಿತು. ಉಳಿದು ಚೌಕಾಶಿಗೆ ಇಳಿದರೆ, ಆ ಚೌಕಾಶಿ ಎತ್ತಿನ ಪೇಟೆಯದರಂತೆ ಕಣ್ಣುಳ್ಳ ಇಬ್ಬರ ಚೌಕಾಶಿ. ಬೆರಳಿನ ಮೇಲೆ ವಸ್ತ್ರ ಎಷ್ಟು ದಪ್ಪನಾದದ್ದಿದ್ದರೂ ಬಾಧಕವಿಲ್ಲ.

ದೇವರ ಹಿಪ್ಪರಗಿಯ ಮಾಚಿದೇವರು ಊರವರ ಬಟ್ಟೆಯನ್ನು ಮಡಿ ಮಾಡಿ ಕೊಟ್ಟವರು. ಮಡಿವಾಳನಿಗೆ ಮನೆಮನೆಯ ಕಲೆಗಳೂ ಗೊತ್ತು. ಕಲೆಯನ್ನು ತೆಗೆಯುವುದು ಅವನ ಕಾಯಕ, ಅದರ ಮೇಲೆ ಬಣ್ಣ ಬಳಿಯುವುದಲ್ಲ. ಹಳೆಯದನ್ನು ಮಾರುವವನಿಗೂ ಇದೇ ಪಾಠ ಸಾಕು. ತೆಗೆಯಬಹುದಾದ ಕಲೆಯನ್ನು ತೆಗೆದು, ಹೋಗದ ಕಲೆಯನ್ನು ಬೆರಳಿಟ್ಟು ತೋರಿಸಿ ಕೊಟ್ಟವನಿಗೆ ಹತ್ತು ಸಾವಿರ ಕಡಮೆ ಬಂದಿದ್ದೀತು. ಮರುದಿನ ಬೆಳಿಗ್ಗೆ ಸಂತೆಗೆ ಹೊರಟಾಗ ಯಾವ ಓಣಿಯನ್ನು ತಪ್ಪಿಸಿ ಹೋಗಬೇಕೆಂಬ ಲೆಕ್ಕಾಚಾರ ಅವನಿಗಿರುವುದಿಲ್ಲ. ಆ ಹತ್ತು ಸಾವಿರಕ್ಕೆ ಅಷ್ಟು ಸಲೀಸಾದ ದಾರಿ ಬೇರೆಲ್ಲಿ ಸಿಕ್ಕೀತು?